ಪರದೆಯ ಆಚೆಗಿನ ದ್ರವಸ್ಫಟಿಕ

ದ್ರವಸ್ಫಟಿಕ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಟಿ.ವಿ. ಅಥವಾ ಕಂಪ್ಯೂಟರಿನ ಪರದೆ. ಎಲ್‌ಸಿಡಿ ಎಂಬ ಮೂರಕ್ಷರಗಳಲ್ಲಿ ಮೊದಲೆರಡು ಈ ದ್ರವ್ಯವನ್ನೇ ಸೂಚಿಸುತ್ತವೆ. ಪ್ರಕೃತಿಯ ಒಂದು ಸ್ಥಿತಿಗೆ ಇಟ್ಟ ಹೆಸರು ಅಂಗಡಿಯ ಸರಕೊಂದರ ಹೆಸರಾಗಿ ಬಳಕೆಯಲ್ಲಿ ಸವೆದುಹೋದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಈಗ ಆ ಸರಕಿಗೂ ಪ್ರತಿಸ್ಪರ್ಧಿ ಬಂದಿದೆ. ತಾನೇ ಬೆಳಗುವ, ದ್ರವಸ್ಫಟಿಕದ ಹಂಗಿಲ್ಲದ ಓಎಲ್‌ಇಡಿ ಪರದೆಗಳು ಮೊಬೈಲ್ ಫೋನುಗಳಲ್ಲಿ ಎಲ್‌ಸಿಡಿಯ ಜಾಗವನ್ನು ಆಕ್ರಮಿಸಿಕೊಳ್ಳುತ್ತಿವೆ. ಪರದೆಯ ಕಾಲ ಮುಗಿದರೆ ದ್ರವಸ್ಫಟಿಕದ ಕಥೆಯೂ ಮುಗಿದಂತೆ ಎಂದು ಯಾರಿಗಾದರೂ ಅನ್ನಿಸಿದರೆ ಆಶ್ಚರ್ಯವಿಲ್ಲ.

ಈ ಅನ್ನಿಸಿಕೆ ಸರಿಯಲ್ಲ ಎಂಬುದು ನನ್ನ ವಾದ. ಪರದೆಗೆ ಮೊದಲೂ ದ್ರವಸ್ಫಟಿಕವಿತ್ತು. ಪರದೆಯ ನಂತರವೂ ಇರುತ್ತದೆ. ವಿಜ್ಞಾನಿಗಳ ಕೈಯಲ್ಲಿ ಅದು ಬಿಸಿಯನ್ನು ಬಣ್ಣವಾಗಿ ತೋರಿಸಿದೆ, ಔಷಧಗಳು ಕೆಲಸ ಮಾಡುವ ಪ್ರೋಟೀನುಗಳ ರೂಪವನ್ನು ಬಿಡಿಸಿ ತೋರಿಸಿದೆ, ವಿಶ್ವದ ಹುಟ್ಟಿನ ಕುರಿತ ಊಹೆಯೊಂದಕ್ಕೆ ಪ್ರಯೋಗಾಲಯವೂ ಆಗಿದೆ. ಈ ಕಥೆಯ ಒಂದು ಮುಖ್ಯ ಅಧ್ಯಾಯ ಬೆಂಗಳೂರಿನಲ್ಲೇ ಬರೆಯಲ್ಪಟ್ಟಿತು. ಅದನ್ನು ನಾವು ಎಷ್ಟು ನೆನಪಿಟ್ಟುಕೊಂಡಿದ್ದೇವೆ ಎಂಬುದು ಬೇರೆಯೇ ಪ್ರಶ್ನೆ.

ಕಥೆ ಶುರುವಾಗುವುದು ಎಲೆಕ್ಟ್ರಾನಿಕ್ಸಿನಿಂದಲ್ಲ, ಗಜ್ಜರಿಯಿಂದ. 1888ರಲ್ಲಿ ಪ್ರಾಗ್ ನಗರದಲ್ಲಿದ್ದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಸರ್ ಗಜ್ಜರಿಯಲ್ಲಿರುವ ಕೊಲೆಸ್ಟರಾಲಿನಂಥ ಪದಾರ್ಥಗಳನ್ನು ಅಭ್ಯಸಿಸುತ್ತಿದ್ದರು. ಕೊಲೆಸ್ಟರಾಲಿನ ಒಂದು ಸಂಯುಕ್ತವನ್ನು ಕಾಯಿಸಿದಾಗ ಅದು 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಮಬ್ಬಾದ ದ್ರವವಾಯಿತು. ಇನ್ನೂ ಕಾಯಿಸಿದಾಗ 178.5 ಡಿಗ್ರಿಯಲ್ಲಿ ಆ ಮಬ್ಬು ಹಠಾತ್ತನೆ ಹೋಗಿ ದ್ರವ ತಿಳಿಯಾಯಿತು. ಒಂದು ಶುದ್ಧ ಪದಾರ್ಥಕ್ಕೆ ಎರಡು ಕರಗುವ ಬಿಂದುಗಳು ಹೇಗೆ ಸಾಧ್ಯ? ಉತ್ತರ ತೋಚದೆ ರೈನಿಟ್ಸರ್ ಜರ್ಮನಿಯ ಭೌತವಿಜ್ಞಾನಿ ಓಟೊ ಲೇಮನ್ ಅವರಿಗೆ ಪತ್ರ ಬರೆದರು. ಕಾಯಿಸಲು ಅನುಕೂಲವಿದ್ದ ಸೂಕ್ಷ್ಮದರ್ಶಕದಡಿ ಅದನ್ನಿಟ್ಟು ನೋಡಿದ ಲೇಮನ್, ಮಬ್ಬು ದ್ರವವು ಹರಿಯುತ್ತಿದ್ದರೂ ಬೆಳಕಿನೊಡನೆ ಸ್ಫಟಿಕದಂತೆ ವರ್ತಿಸುವುದನ್ನು ಕಂಡರು. ಘನ ಮತ್ತು ದ್ರವಗಳ ನಡುವೆ ಮತ್ತೊಂದು ಸ್ಥಿತಿಯಿದೆ ಎಂಬ ಮಾತನ್ನು ಅಂದಿನ ಅನೇಕ ವಿಜ್ಞಾನಿಗಳು ಒಪ್ಪಲಿಲ್ಲ. ಕಲಬೆರಕೆಯಿಂದ ಮಬ್ಬಾಗಿರಬೇಕು ಎಂದು ತಳ್ಳಿಹಾಕಿದವರೇ ಹೆಚ್ಚು.

ಈ ನಡುಸ್ಥಿತಿಯನ್ನು ತಿಳಿಯಲು ಹೊಳೆಯಲ್ಲಿ ತೇಲಿಬಿಟ್ಟ ಬಿದಿರಿನ ಗಳುಗಳನ್ನು ನೆನೆಯಬಹುದು. ಅವು ಒಂದರ ಪಕ್ಕ ಒಂದು ಜಾರುತ್ತ ಸಾಗುತ್ತವೆ. ಯಾವ ಗಳುವಿಗೂ ಕಾಯಂ ಜಾಗವಿಲ್ಲ. ಆದರೂ ಎಲ್ಲವೂ ಹರಿವಿನ ದಿಕ್ಕಿಗೇ ಮುಖ ಮಾಡಿರುತ್ತವೆ. ಸ್ಫಟಿಕದಲ್ಲಿ ಅಣುಗಳಿಗೆ ಗೊತ್ತಾದ ಜಾಗವೂ ಇದೆ, ಗೊತ್ತಾದ ದಿಕ್ಕೂ ಇದೆ. ಸಾಮಾನ್ಯ ದ್ರವದಲ್ಲಿ ಎರಡೂ ಇಲ್ಲ. ದ್ರವಸ್ಫಟಿಕದಲ್ಲಿ ಜಾಗದ ಶಿಸ್ತು ಸಡಿಲಿ ದಿಕ್ಕಿನ ಶಿಸ್ತು ಉಳಿದಿರುತ್ತದೆ. ಸಡಿಲವಾಗಿರುವುದರಿಂದ ಈ ಅಣುಗಳನ್ನು ತಿರುಗಿಸಲು ಅಲ್ಪ ಪ್ರೇರಣೆ ಸಾಕು. ಶಿಸ್ತು ಉಳಿದಿರುವುದರಿಂದ ಒಂದು ತಿರುಗಿದರೆ ನೆರೆಯ ಅಸಂಖ್ಯಾತ ಅಣುಗಳೂ ಒಟ್ಟಾಗಿ ತಿರುಗುತ್ತವೆ. ಅಲ್ಪ ಪ್ರೇರಣೆಗೆ ಸಾಮೂಹಿಕ ಪ್ರತಿಕ್ರಿಯೆ: ದ್ರವಸ್ಫಟಿಕದ ಎಲ್ಲ ಉಪಯೋಗಗಳ ಗುಟ್ಟು ಇಷ್ಟೇ. ಪರದೆಯಲ್ಲಿ ಆ ಪ್ರೇರಣೆ ವಿದ್ಯುತ್ತಿನದು. ಪ್ರೇರಣೆ ವಿದ್ಯುತ್ತಿನದೇ ಆಗಬೇಕೆಂದು ಪ್ರಕೃತಿಯೇನೂ ಕಟ್ಟುಪಾಡು ಹಾಕಿಲ್ಲ.

ಈ ದ್ರವ್ಯವನ್ನು ಕಾಣಲು ಪ್ರಯೋಗಾಲಯಕ್ಕೇ ಹೋಗಬೇಕೆಂದಿಲ್ಲ. ಬಚ್ಚಲಿನಲ್ಲಿ ಸೋಪಿನ ಡಬ್ಬಿಯ ತಳದಲ್ಲಿ ನೀರು ನಿಂತು ಉಂಟಾಗುವ ಲೋಳೆ ಒಂದು ಬಗೆಯ ದ್ರವಸ್ಫಟಿಕವೇ. ನಮ್ಮ ದೇಹದ ಪ್ರತಿಯೊಂದು ಜೀವಕೋಶವನ್ನು ಸುತ್ತಿರುವ ಕೊಬ್ಬಿನ ತೆಳುಪೊರೆಯೂ ಅದೇ ಜಾತಿಗೆ ಸೇರಿದ್ದು. ಪೊರೆ ಸ್ಫಟಿಕದಷ್ಟು ಗಡುಸಾಗಿದ್ದರೆ ಜೀವಕೋಶ ಅಲುಗಾಡಲಾಗದು. ನೀರಿನಷ್ಟು ಸಡಿಲವಾಗಿದ್ದರೆ ನಿಲ್ಲದು. ಜೀವವು ತನ್ನ ಗಡಿಯನ್ನು ಕಟ್ಟಿಕೊಂಡದ್ದು ಈ ನಡುಸ್ಥಿತಿಯಲ್ಲಿ.

ಪರದೆಯ ಆಚೆಗಿನ ಉಪಯೋಗಗಳಲ್ಲಿ ಜನಸಾಮಾನ್ಯರಿಗೆ ಹೆಚ್ಚು ಹತ್ತಿರವಾದದ್ದು ಶಾಖವನ್ನು ಬಣ್ಣದಲ್ಲಿ ತೋರಿಸುವುದು. ರೈನಿಟ್ಸರ್ ಕಂಡ ಜಾತಿಯ ದ್ರವಸ್ಫಟಿಕದಲ್ಲಿ ಅಣುಗಳ ದಿಕ್ಕು ಪದರದಿಂದ ಪದರಕ್ಕೆ ತುಸು ತುಸುವೇ ತಿರುಗುತ್ತ, ಸುರುಳಿಮೆಟ್ಟಿಲಿನಂತೆ ಸಾಗುತ್ತದೆ. ಈ ಸುರುಳಿಯ ಒಂದು ಸುತ್ತಿನ ಅಳತೆ ಬೆಳಕಿನ ತರಂಗದಷ್ಟೇ ಇದ್ದಾಗ ಅದು ಆಯಾ ಬಣ್ಣವನ್ನು ಮಾತ್ರ ಪ್ರತಿಫಲಿಸುತ್ತದೆ. ಬಿಸಿ ಏರಿಳಿದಂತೆ ಸುರುಳಿ ಬಿಗಿಯುತ್ತದೆ ಇಲ್ಲವೇ ಸಡಿಲುತ್ತದೆ, ಬಣ್ಣ ಬದಲಾಗುತ್ತದೆ. ಹಣೆಗೆ ಒತ್ತಿ ಜ್ವರ ನೋಡುವ ಪಟ್ಟಿ ಕೆಲಸ ಮಾಡುವುದು ಹೀಗೆ. ಅದಕ್ಕೆ ಪಾದರಸ ಬೇಡ, ಬ್ಯಾಟರಿ ಬೇಡ, ಓದು ಬರಹವೂ ಬೇಡ.

ಈ ಕೊನೆಯ ಗುಣವೇ ನವಜಾತ ಶಿಶುಗಳ ವೈದ್ಯರ ಗಮನ ಸೆಳೆಯಿತು. ಹುಟ್ಟಿದ ಮಗುವಿನ ಮೈ 36.5 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾಗುವುದು ಅಪಾಯದ ಸೂಚನೆ. ತೂಕ ಕಡಿಮೆಯಿರುವ ಮಗುವಿಗಂತೂ ಪ್ರಾಣಾಪಾಯ. ಆಸ್ಪತ್ರೆಯಿಲ್ಲದ ಹಳ್ಳಿಯಲ್ಲಿ ತಾಯಿಗೆ ಇದು ತಿಳಿಯುವುದು ಹೇಗೆ? ಮಗುವಿನ ಮೈಗೆ ಅಂಟಿಸುವ, ಹಣೆಯ ಬಿಂದಿಯನ್ನು ನೆನಪಿಸುವ ದ್ರವಸ್ಫಟಿಕದ ಪುಟ್ಟ ಬಿಲ್ಲೆಯೊಂದು ಬಂದಿತು. ಮಗು ಬೆಚ್ಚಗಿದ್ದರೆ ಅದು ಹಸಿರು. ಮೈ ತಣ್ಣಗಾದರೆ ಕಪ್ಪು. ಉತ್ತರ ಪ್ರದೇಶದ ರಾಯ್‌ಬರೇಲಿ ಜಿಲ್ಲೆಯ ಶಿವಗಢದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ ವರದಿ 2008ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದಷ್ಟು ಹಳ್ಳಿಗಳಲ್ಲಿ ಕಾರ್ಯಕರ್ತರು ಮನೆಮನೆಗೆ ಹೋಗಿ, ಮಗುವನ್ನು ತಾಯಿಯ ಎದೆಗೆ ಅವಚಿ ಬೆಚ್ಚಗಿಡುವುದು, ತಡಮಾಡದೆ ಎದೆಹಾಲು ಕೊಡುವುದು, ಹೊಕ್ಕುಳನ್ನು ಶುಚಿಯಾಗಿಡುವುದು ಮುಂತಾದ ಆರೈಕೆಯನ್ನು ಮನದಟ್ಟು ಮಾಡಿಕೊಟ್ಟರು. ಇನ್ನಷ್ಟು ಹಳ್ಳಿಗಳಲ್ಲಿ ಈ ಆರೈಕೆಯ ಜೊತೆಗೆ ಬಿಲ್ಲೆಯನ್ನೂ ಕೊಟ್ಟರು. ಶಿಶುಮರಣ ಮೊದಲ ಕಡೆ ಶೇ 54ರಷ್ಟು, ಎರಡನೆಯ ಕಡೆ ಶೇ 52ರಷ್ಟು ಇಳಿಯಿತು.

ಅಂದರೆ ಮಕ್ಕಳನ್ನು ಉಳಿಸಿದ್ದು ತಾಯಿಯ ಮೈಶಾಖ ಮತ್ತು ತಿಳಿವಳಿಕೆ. ಬಿಲ್ಲೆ ಅದಕ್ಕೆ ಹೆಚ್ಚಿನದೇನನ್ನೂ ಸೇರಿಸಲಿಲ್ಲ. ದ್ರವಸ್ಫಟಿಕವನ್ನು ಹೊಗಳುವ ಲೇಖನದಲ್ಲಿ ಇದನ್ನು ಮರೆಮಾಚುವುದು ಸುಲಭವಿತ್ತು. ಆದರೆ ಅಳೆಯುವ ಸಾಧನವೇ ಚಿಕಿತ್ಸೆಯಲ್ಲ ಎಂಬುದು ನಾವು ಪದೇ ಪದೇ ಕಲಿಯಬೇಕಾದ ಪಾಠವಾದ್ದರಿಂದ ಅದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಬಿಲ್ಲೆ ಅಪಾಯವನ್ನು ಕಾಣಿಸಬಲ್ಲದು. ಕಂಡದ್ದಕ್ಕೆ ಏನು ಮಾಡಬೇಕೆಂದು ಗೊತ್ತಿರುವವರು ಪಕ್ಕದಲ್ಲಿರಬೇಕು.

ಕಾಣಿಸುವ ಈ ಶಕ್ತಿಯೇ ಸಾಕಾಗುವ ಕ್ಷೇತ್ರಗಳೂ ಇವೆ. ವಿಮಾನದ ಜೆಟ್ ಎಂಜಿನಿನಲ್ಲಿ ಟರ್ಬೈನಿನ ಅಲಗುಗಳ ಮೇಲೆ ಹಾಯುವ ಅನಿಲದ ಬಿಸಿ, ಆ ಅಲಗಿನ ಲೋಹವನ್ನೇ ಕರಗಿಸುವಷ್ಟಿರುತ್ತದೆ. ಅಲಗಿನೊಳಗೆ ಕೊರೆದ ಸೂಕ್ಷ್ಮ ಕಾಲುವೆಗಳಲ್ಲಿ ತಂಪುಗಾಳಿ ಹರಿಸಿ ಅದನ್ನು ಕಾಪಾಡುತ್ತಾರೆ. ಗಾಳಿ ಯಾವ ಮೂಲೆಗೆ ತಲಪುತ್ತಿದೆ, ಯಾವ ಮೂಲೆಗೆ ತಲಪುತ್ತಿಲ್ಲ ಎಂಬುದನ್ನು ಲೆಕ್ಕಾಚಾರದಿಂದ ಮಾತ್ರ ತಿಳಿಯಲಾಗದು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಎಂಜಿನಿಯರುಗಳೂ ಮತ್ತಿತರರೂ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಅಲಗಿನ ಮಾದರಿ ಮಾಡಿ, ದ್ರವಸ್ಫಟಿಕವನ್ನು ಬಣ್ಣದಂತೆ ಲೇಪಿಸಿ, ಹದವಾದ ಬಿಸಿಗಾಳಿ ಹಾಯಿಸಿ ನೋಡುವ ಕ್ರಮವನ್ನು ಬೆಳೆಸಿದರು. ಮೇಲ್ಮೈಯ ಪ್ರತಿಯೊಂದು ಬಿಂದುವೂ ತನ್ನ ಬಿಸಿಯನ್ನು ಬಣ್ಣದಲ್ಲಿ ಹೇಳುತ್ತದೆ. ಕ್ಯಾಮೆರಾ ಅದನ್ನು ದಾಖಲಿಸುತ್ತದೆ. ನೂರಾರು ತಂತಿಗಳ ಉಷ್ಣಮಾಪಕಗಳು ಮಾಡಬೇಕಾದ ಕೆಲಸವನ್ನು ಒಂದು ತೆಳ್ಳನೆಯ ಲೇಪ ಮಾಡಿಕೊಡುತ್ತದೆ.

ಇಲ್ಲಿಯವರೆಗಿನದು ಹೊರಮೈಯ ಮಾತು. ಅಣುಗಳ ಒಳರೂಪವನ್ನು ಅರಿಯುವಲ್ಲಿ ದ್ರವಸ್ಫಟಿಕ ಕೊಟ್ಟ ನೆರವು ಇದಕ್ಕಿಂತಲೂ ದೊಡ್ಡದು. ಪ್ರೋಟೀನಿನ ರಚನೆಯನ್ನು ತಿಳಿಯಲು ಅದನ್ನು ಸ್ಫಟಿಕವಾಗಿಸಿ ಎಕ್ಸ್-ಕಿರಣ ಹಾಯಿಸುವುದು ವಿಜ್ಞಾನಿಗಳ ಹಳೆಯ ದಾರಿ. ಆದರೆ ಜೀವಕೋಶದ ಪೊರೆಯಲ್ಲಿ ಹುದುಗಿರುವ ಪ್ರೋಟೀನುಗಳು ಈ ದಾರಿಗೆ ಒಗ್ಗುತ್ತಿರಲಿಲ್ಲ. ಕೊಬ್ಬಿನ ಪೊರೆಯಿಂದ ಹೊರತೆಗೆದರೆ ಅವು ನೀರಿನಿಂದ ಹೊರಬಿದ್ದ ಮೀನಿನಂತೆ ಕೆಟ್ಟುಹೋಗುತ್ತಿದ್ದವು. 1996ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಎಹುದ್ ಲಾಂಡೌ ಮತ್ತು ಯುರ್ಗ್ ರೋಸನ್‌ಬುಷ್ ಒಂದು ಉಪಾಯ ಹೂಡಿದರು. ಒಂದು ಬಗೆಯ ಕೊಬ್ಬನ್ನು ನೀರಿನೊಡನೆ ಹದವಾಗಿ ಬೆರೆಸಿದರೆ ಗಟ್ಟಿ ಲೋಳೆಯಂಥ ದ್ರವಸ್ಫಟಿಕ ಸಿಗುತ್ತದೆ. ಅದರೊಳಗೆ ಕೊಬ್ಬಿನ ಪೊರೆಯೊಂದು ಎಲ್ಲಿಯೂ ಕಡಿಯದೆ ಮೂರು ಆಯಾಮಗಳಲ್ಲೂ ಹೆಣೆದುಕೊಂಡಿರುತ್ತದೆ. ಅದರಲ್ಲಿ ಬಿಟ್ಟಾಗ ಪ್ರೋಟೀನುಗಳಿಗೆ ತವರಿನಲ್ಲೇ ಇದ್ದಂತಾಗಿ, ಪೊರೆಯೊಳಗೇ ಸರಿದಾಡುತ್ತ ಒಂದರ ಪಕ್ಕ ಒಂದು ಕೂಡಿಕೊಂಡು ಸ್ಫಟಿಕವಾದವು.

ಇದರ ಫಲ 2007ರಲ್ಲಿ ಕಂಡಿತು. ಅಡ್ರೆನಲಿನ್ ಹಾರ್ಮೋನಿನ ಸಂದೇಶವನ್ನು ಜೀವಕೋಶದೊಳಕ್ಕೆ ದಾಟಿಸುವ ಬೀಟಾ-2 ಗ್ರಾಹಕವೆಂಬ ಪ್ರೋಟೀನಿನ ರಚನೆಯನ್ನು ಅಮೆರಿಕದ ವಿಜ್ಞಾನಿಗಳು ಈ ದ್ರವಸ್ಫಟಿಕದ ವಿಧಾನದಿಂದಲೇ ಸ್ಪಷ್ಟವಾಗಿ ಬಿಡಿಸಿದರು. ಉಬ್ಬಸದ ರೋಗಿಗಳು ಇನ್‌ಹೇಲರಿನಿಂದ ಎಳೆದುಕೊಳ್ಳುವ ಸಾಲ್ಬುಟಮಾಲ್ ಔಷಧ ಹೋಗಿ ಕೂರುವುದು ಈ ಗ್ರಾಹಕದ ಮೇಲೆ. ಇದೇ ಕುಟುಂಬದ ಗ್ರಾಹಕಗಳು ಇಂದಿನ ಔಷಧಗಳಲ್ಲಿ ಸುಮಾರು ಮೂರನೆಯ ಒಂದು ಭಾಗಕ್ಕೆ ಗುರಿ. ಈ ಗ್ರಾಹಕಗಳ ಅಧ್ಯಯನಕ್ಕಾಗಿ ಬ್ರಯಾನ್ ಕೊಬಿಲ್ಕ ಮತ್ತು ರಾಬರ್ಟ್ ಲೆಫ್ಕೊವಿಟ್ಜ್ ಅವರಿಗೆ 2012ರ ರಸಾಯನವಿಜ್ಞಾನದ ನೊಬೆಲ್ ಬಂದಾಗ, ಸೋಪಿನ ಲೋಳೆಯ ಈ ದೂರದ ನೆಂಟನಿಗೂ ಆ ಗೌರವದಲ್ಲೊಂದು ಪಾಲಿತ್ತು.

ಅಣುವಿನ ರೂಪವನ್ನು ಅಳೆಯುವ ಇನ್ನೊಂದು ವಿಧಾನ ಕಾಂತೀಯ ಅನುರಣನ. ಅದರದ್ದೇ ಒಂದು ಬಗೆ ಆಸ್ಪತ್ರೆಗಳ ಎಂಆರ್‌ಐ. ಸಾಮಾನ್ಯ ದ್ರವದಲ್ಲಿ ಅಣುಗಳು ಎಲ್ಲ ದಿಕ್ಕಿಗೂ ಹೊರಳಾಡುವುದರಿಂದ ಅವುಗಳ ಪರಮಾಣುಗಳ ಅಂತರ, ಕೋನ ಕುರಿತ ಮಾಹಿತಿ ಬಹುಪಾಲು ಅಳಿಸಿಹೋಗುತ್ತದೆ. 1963ರಲ್ಲಿ ಜರ್ಮನಿಯ ಸೌಪೆ ಮತ್ತು ಎಂಗ್ಲರ್ಟ್ ಬೆಂಜೀನನ್ನು ದ್ರವಸ್ಫಟಿಕದಲ್ಲಿ ಕರಗಿಸಿ ಈ ಹೊರಳಾಟಕ್ಕೆ ತುಸು ಕಡಿವಾಣ ಹಾಕಿದಾಗ ಅಳಿಸಿಹೋದದ್ದು ಮತ್ತೆ ಕಾಣಿಸಿತು. ಬೆಂಗಳೂರಿನಲ್ಲಿ ಸಿ.ಎಲ್. ಖೇತ್ರಪಾಲ್ ಮತ್ತವರ ಸಹೋದ್ಯೋಗಿಗಳು ಈ ವಿಧಾನದಲ್ಲಿ ಜಗತ್ತು ಗುರುತಿಸುವಂಥ ಕೆಲಸ ಮಾಡಿದರು. 1997ರಲ್ಲಿ ಅಮೆರಿಕದ ತ್ಜಂದ್ರ ಮತ್ತು ಬಾಕ್ಸ್ ಇದನ್ನು ಪ್ರೋಟೀನುಗಳಿಗೂ ವಿಸ್ತರಿಸಿದರು. ಅಲ್ಲಿ ಬೇಕಾದ ಕಡಿವಾಣ ಎಷ್ಟೆಂದರೆ, ಸಾವಿರದಲ್ಲಿ ಒಂದು ಪಾಲು. ಅಲ್ಪ ಪ್ರೇರಣೆಯ ಮಾತನ್ನು ನಾನು ಮೇಲೆ ಹೇಳಿದ್ದು ಇದಕ್ಕಾಗಿಯೇ.

ಅಣುವಿನಿಂದ ಆಕಾಶಕ್ಕೆ ನೆಗೆದರೆ ಅಲ್ಲಿಯೂ ದ್ರವಸ್ಫಟಿಕವಿದೆ. ಸೂರ್ಯನ ಕಾಂತಕ್ಷೇತ್ರವನ್ನು ಅಳೆಯಬೇಕಾದರೆ ಅದರ ಬೆಳಕಿನ ಧ್ರುವೀಕರಣವನ್ನು ವಿಶ್ಲೇಷಿಸಬೇಕು. ಅದಕ್ಕಾಗಿ ಗಾಜಿನ ಫಲಕಗಳನ್ನು ಯಂತ್ರದಿಂದ ತಿರುಗಿಸುವ ಬದಲು ದ್ರವಸ್ಫಟಿಕದ ಅಣುಗಳನ್ನೇ ತಿರುಗಿಸಬಹುದು. 2020ರಲ್ಲಿ ಉಡಾವಣೆಯಾದ ಯುರೋಪಿನ ‘ಸೋಲಾರ್ ಆರ್ಬಿಟರ್’ ನೌಕೆಯ ಉಪಕರಣಗಳಲ್ಲಿ ಇಂಥ ಫಲಕಗಳಿವೆ. ಚಲಿಸುವ ಭಾಗಗಳು ಕಡಿಮೆಯಾದಷ್ಟೂ ಬಾಹ್ಯಾಕಾಶದಲ್ಲಿ ಕೆಡುವ ಭಯ ಕಡಿಮೆ.

ಇನ್ನೂ ವಿಚಿತ್ರವಾದ ಉಪಯೋಗವೊಂದಿದೆ. ವಿಶ್ವವು ಹುಟ್ಟಿದೊಡನೆ ತಣಿಯತೊಡಗಿದಾಗ, ಬೇರೆ ಬೇರೆ ಪ್ರದೇಶಗಳು ತಮ್ಮಷ್ಟಕ್ಕೆ ಬೇರೆ ಬೇರೆ ಬಗೆಯ ಶಿಸ್ತಿಗೆ ಇಳಿದು, ಅವು ಕೂಡುವಲ್ಲಿ ಎಳೆಯಂಥ ದೋಷಗಳು ಉಳಿದಿರಬೇಕೆಂದು ಬ್ರಿಟನ್ನಿನ ಟಾಮ್ ಕಿಬ್ಬಲ್ 1976ರಲ್ಲಿ ಊಹಿಸಿದರು. ವಿಶ್ವವನ್ನು ಮತ್ತೊಮ್ಮೆ ಹುಟ್ಟಿಸಿ ನೋಡಲಾಗದು. ಆದರೆ ದ್ರವಸ್ಫಟಿಕವನ್ನು ತಣಿಸಿದಾಗಲೂ ಇಂಥದೇ ಎಳೆಗಳು ಮೂಡುತ್ತವೆ. ಅವನ್ನು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. 1991ರಲ್ಲಿ ಚುವಾಂಗ್ ಮತ್ತು ಸಂಗಡಿಗರು ಆ ಎಳೆಗಳು ಬೆಳೆಯುವ, ಕೂಡುವ, ಕಡಿದುಹೋಗುವ ಪರಿಯನ್ನು ಅಭ್ಯಸಿಸಿದರು. 1994ರಲ್ಲಿ ಇನ್ನೊಂದು ತಂಡ ಎಳೆಗಳ ಸಾಂದ್ರತೆಯನ್ನು ಎಣಿಸಿ ಕಿಬ್ಬಲ್ ಊಹೆಗೆ ಹೊಂದುವುದನ್ನು ತೋರಿಸಿತು. ಮುಂದೆ ಭುವನೇಶ್ವರದಲ್ಲಿ ಕೆಲಸ ಮಾಡಿದ ಅಜಿತ್ ಶ್ರೀವಾಸ್ತವ ಆ ತಂಡದಲ್ಲಿದ್ದರು. ಆಕಾಶದಲ್ಲಿ ಇಂಥ ಎಳೆಗಳು ಇನ್ನೂ ಪತ್ತೆಯಾಗಿಲ್ಲ. ಆದರೆ ಆ ಊಹೆಯ ಹಿಂದಿನ ತರ್ಕ ಗಟ್ಟಿ ಎಂಬುದಕ್ಕೆ ಒಂದು ಹನಿ ದ್ರವಸ್ಫಟಿಕ ಸಾಕ್ಷಿ ನುಡಿಯಿತು.

ಈಗ ಬೆಂಗಳೂರಿನ ಅಧ್ಯಾಯಕ್ಕೆ ಬರೋಣ. ಸರ್ ಸಿ.ವಿ. ರಾಮನ್ ಅವರ ಸೋದರಿಯ ಮಗ ಎಸ್. ಚಂದ್ರಶೇಖರ್ 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿ ಬಂದರು. ರಾಮನ್ ನಿಧನರಾದ ಮರುವರ್ಷ, 1971ರಲ್ಲಿ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವಸ್ಫಟಿಕ ಪ್ರಯೋಗಾಲಯವನ್ನು ಕಟ್ಟಿದರು. ದ್ರವಸ್ಫಟಿಕವಾಗಬೇಕಾದರೆ ಅಣು ಕಡ್ಡಿಯಂತೆ ಉದ್ದವಿರಬೇಕು ಎಂಬುದು ಅಂದಿನ ನಂಬಿಕೆಯಾಗಿತ್ತು. ಬಿಲ್ಲೆಯಂತೆ ಚಪ್ಪಟೆಯಾಗಿದ್ದರೆ ಏಕಾಗಬಾರದು ಎಂಬ ಪ್ರಶ್ನೆಗೆ ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಉತ್ತರ ಹುಡುಕಿದರು. ಬೆಂಜೀನಿನ ಉಂಗುರಕ್ಕೆ ಗಾಲಿಯ ಅರೆಕಾಲುಗಳಂತೆ ಆರು ಉದ್ದನೆಯ ಸರಪಳಿಗಳನ್ನು ಜೋಡಿಸಿದ ಅಣುಗಳು, ಒಂದರ ಮೇಲೊಂದು ಪೇರಿಸಿದ ನಾಣ್ಯಗಳಂತೆ ಕಂಬಗಳಾಗಿ ನಿಲ್ಲುವುದನ್ನು ಅವರು 1977ರಲ್ಲಿ ತೋರಿಸಿದರು. ಅದು ಪ್ರಕಟವಾದದ್ದು ಬೆಂಗಳೂರಿನಿಂದಲೇ ಹೊರಡುವ ‘ಪ್ರಮಾಣ’ ಪತ್ರಿಕೆಯಲ್ಲಿ. ಜಗತ್ತಿನ ದ್ರವಸ್ಫಟಿಕ ವಿಜ್ಞಾನಕ್ಕೆ ಅಂದು ಹೊಸದೊಂದು ಶಾಖೆಯೇ ಸೇರಿತು.

ಅದರಿಂದ ಏನು ಪ್ರಯೋಜನ ಎಂದು 1977ರಲ್ಲಿ ಕೇಳಿದ್ದರೆ ಕೊಡಲು ಸಿದ್ಧ ಉತ್ತರವಿರಲಿಲ್ಲ. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಬಿಲ್ಲೆಯಾಕಾರದ ಅಣುಗಳಿಂದ ಮಾಡಿದ ತೆಳುಹಾಳೆ, ಎಲ್‌ಸಿಡಿ ಪರದೆಯನ್ನು ಓರೆಯಿಂದ ನೋಡಿದರೂ ಚಿತ್ರ ಕೆಡದಂತೆ ಮಾಡಿತು. 1994ರಲ್ಲಿ ಜರ್ಮನಿಯ ಸಂಶೋಧಕರು, ಈ ಅಣುಕಂಬಗಳುದ್ದಕ್ಕೂ ವಿದ್ಯುದಂಶಗಳು ಸಲೀಸಾಗಿ ಹರಿಯುವುದನ್ನು ಕಂಡರು. ಅಲ್ಲಿಂದಾಚೆಗೆ ಸೌರಕೋಶಗಳಲ್ಲಿ ಅವನ್ನು ಬಳಸುವ ಪ್ರಯತ್ನಗಳು ನಡೆದಿವೆ. ಪರದೆಗಾಗಿ ಹುಟ್ಟದ ಜ್ಞಾನ ಪರದೆಗೂ ಒದಗಿತು, ಅದರಾಚೆಗೂ ಚಾಚಿತು.

ಚಂದ್ರಶೇಖರ್ 1991ರಲ್ಲಿ ಜಾಲಹಳ್ಳಿಯಲ್ಲಿ ಬಿಇಎಲ್ ಒದಗಿಸಿದ ಕಟ್ಟಡದಲ್ಲಿ ದ್ರವಸ್ಫಟಿಕ ಸಂಶೋಧನಾ ಕೇಂದ್ರವನ್ನು ಆರಂಭಿಸಿದರು. 2004ರಲ್ಲಿ ಅವರು ತೀರಿಕೊಂಡರು. ಹೆಸರು ಬದಲಾಗುತ್ತ ಬಂದ ಆ ಕೇಂದ್ರ ಇಂದು ‘ನ್ಯಾನೊ ಮತ್ತು ಮೃದುದ್ರವ್ಯ ವಿಜ್ಞಾನ ಕೇಂದ್ರ’ವಾಗಿದೆ. ಹೆಸರು ಬದಲಾದುದಕ್ಕೆ ನನ್ನ ಆಕ್ಷೇಪವಿಲ್ಲ. ಕಾಲಕ್ಕೆ ತಕ್ಕಂತೆ ಕ್ಷೇತ್ರ ಹಿಗ್ಗುವುದು ಸಹಜ. ನನ್ನ ಕೊರಗು ಇರುವುದು ನಮ್ಮ ನೆನಪಿನ ಬಗ್ಗೆ. ಮಾಹಿತಿ ತಂತ್ರಜ್ಞಾನದ ರಾಜಧಾನಿಯೆಂದು ಬೀಗುವ ಈ ಊರಿನಲ್ಲಿ, ಮೂವರು ಸಂಶೋಧಕರು ದ್ರವ್ಯದ ಒಂದು ಹೊಸ ಸ್ಥಿತಿಯನ್ನೇ ಕಂಡುಹಿಡಿದರೆಂಬ ಸಂಗತಿ ಎಷ್ಟು ಶಾಲಾಮಕ್ಕಳಿಗೆ ಗೊತ್ತಿದೆ?

ವಿಜ್ಞಾನಕ್ಕೆ ಹಣ ಕೊಡುವವರು ತಕ್ಷಣದ ಉಪಯೋಗವನ್ನು ಕೇಳುವುದು ಹೆಚ್ಚುತ್ತಿದೆ. ತೆರಿಗೆಯ ಹಣಕ್ಕೆ ಲೆಕ್ಕ ಕೇಳುವುದು ತಪ್ಪಲ್ಲ. ಆದರೆ ಲೆಕ್ಕ ಕೇಳುವ ಅವಧಿಯ ಬಗ್ಗೆ ಯೋಚಿಸಬೇಕು. ರೈನಿಟ್ಸರ್ ಮಬ್ಬು ದ್ರವವನ್ನು ಕಂಡದ್ದು 1888ರಲ್ಲಿ. ಅಮೆರಿಕದ ಆರ್‌ಸಿಎ ಕಂಪನಿ ಮೊದಲ ದ್ರವಸ್ಫಟಿಕ ಪ್ರದರ್ಶಕವನ್ನು ಲೋಕಕ್ಕೆ ಸಾರಿದ್ದು 1968ರಲ್ಲಿ. ನಡುವೆ 80 ವರ್ಷ. ಮೂರು ವರ್ಷದ ಯೋಜನಾ ವರದಿಯ ಅಳತೆಗೋಲನ್ನು ಹಿಡಿದಿದ್ದರೆ ಈ ಕಥೆ ಎರಡನೆಯ ಪುಟದಲ್ಲೇ ನಿಂತುಹೋಗುತ್ತಿತ್ತು. ಪರದೆಯೊಂದನ್ನೇ ಗುರಿಯಾಗಿಟ್ಟುಕೊಂಡಿದ್ದರೂ ಉಬ್ಬಸದ ಔಷಧ ಕೂರುವ ಗ್ರಾಹಕದ ಚಿತ್ರವಾಗಲಿ, ಚಪ್ಪಟೆ ಅಣುಗಳ ಕಂಬಗಳಾಗಲಿ ನಮಗೆ ದಕ್ಕುತ್ತಿರಲಿಲ್ಲ.

ಎಲ್‌ಸಿಡಿ ಪರದೆ ನಾಳೆ ಗುಜರಿಗೆ ಹೋಗಬಹುದು. ಆಗ ಯಾರಾದರೂ ದ್ರವಸ್ಫಟಿಕದ ಸಂಶೋಧನೆಗೆ ಇನ್ನೇಕೆ ದುಡ್ಡು ಎಂದು ಕೇಳಿದರೆ, ಅವರ ಜೀವಕೋಶಗಳ ಪೊರೆಯೇ ದ್ರವಸ್ಫಟಿಕದ್ದೆಂದು ನೆನಪಿಸುವುದು ನಮ್ಮ ಕೆಲಸ.